ಮಂಗಳವಾರದ ಕ್ಲಿನಿಕ್: ‘ಮುಟ್ಟು ಯಾವಾಗ ಆಯ್ತಮ್ಮ?’ ಎಂದು ಮೊದಲ ಸಲ ಕೇಳಿದ ಜಾಗ

ನಾಲ್ಕು ವಾರಕ್ಕೊಂದು ಮಂಗಳವಾರ ನಾನು ಬೆಳಿಗ್ಗೆ ಅಂಗಡಿ ತೆಗೆಯುವುದಿಲ್ಲ. ಬಾಗಿಲ ಮೇಲೆ ‘ಮಧ್ಯಾಹ್ನ 2ರ ಮೇಲೆ’ ಎಂದು ಬಟ್ಟೆಗೆ ಗುರುತು ಹಾಕುವ ಬಳಪದಲ್ಲಿ ಬರೆದು ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆ. ಎಂಟೂ ಮುಕ್ಕಾಲಿನ ಬಸ್ಸಿಗೆ ತಂಗಿ ಬರುತ್ತಾಳೆ. ಇಬ್ಬರೂ ನಡೆದುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋಗುತ್ತೇವೆ. ಆ ದಿನ ಜಿಲ್ಲೆಯಿಂದ ಮನೋವೈದ್ಯರು ಬರುತ್ತಾರೆ. ಸರ್ಕಾರ ಇದಕ್ಕೆ ಮನೋಚೈತನ್ಯ ಎಂದು ಹೆಸರಿಟ್ಟಿದೆ. ನಮ್ಮೂರಿನಲ್ಲಿ ಎಲ್ಲರೂ ‘ಮಂಗಳವಾರದ ಕ್ಲಿನಿಕ್’ ಅಂತಲೇ ಹೇಳುವುದು.

2023ರಿಂದ ಇಲ್ಲಿಗೆ ಹೋಗುತ್ತಿದ್ದೇವೆ. ಇಷ್ಟು ದಿನದ ಮೇಲೆ ಒಂದು ವಿಮರ್ಶೆ ಬರೆಯಬಹುದು ಅನಿಸಿತು. ಹೋಟೆಲಿನ ದೋಸೆ ಬಗ್ಗೆ, ಮೊಬೈಲ್ ಅಂಗಡಿ ಬಗ್ಗೆ ಬೇಕಾದಷ್ಟು ಓದಲು ಸಿಗುತ್ತದೆ. ಹೆಂಗಸರು ಮನಸ್ಸಿನ ಕಾಯಿಲೆಗೆ ಎಲ್ಲಿ ಹೋಗಬೇಕು, ಅಲ್ಲಿ ಏನು ಕೇಳುತ್ತಾರೆ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಹಾಸನ ಜಿಲ್ಲೆ ಅಂತ ಮಾತ್ರ ಹೇಳುತ್ತೇನೆ, ತಾಲ್ಲೂಕಿನ ಹೆಸರು ಬೇಡ. ಊರು ಚಿಕ್ಕದು, ಹೆಸರು ಹಾಕಿದರೆ ತಂಗಿ ಯಾರು ಅಂತ ತಿಳಿಯಲು ಅರ್ಧ ದಿನ ಸಾಕು. ಬರೆದದ್ದನ್ನು ಅವಳಿಗೆ ಓದಿ ಹೇಳಿದ್ದೇನೆ. ಅವಳು ಬೇಡ ಅಂದ ಎರಡು ಸಂಗತಿ ತೆಗೆದಿದ್ದೇನೆ.

ಮೊದಲು ಜಾಗದ ಬಗ್ಗೆ. ಓಪಿಡಿ ಚೀಟಿ ಮಾಡಿಸುವಲ್ಲಿ ಒಂಬತ್ತಕ್ಕೆಲ್ಲ ಸಾಲು ಇರುತ್ತದೆ. ಮನೋವೈದ್ಯರ ಕೋಣೆ ಹಿಂದಿನ ಸಾಲಿನಲ್ಲಿ, ಇಂಜೆಕ್ಷನ್ ಕೋಣೆ ಪಕ್ಕ. ಹೊರಗೆ ಎರಡು ಬೆಂಚು. ಡಾಕ್ಟರು ಬರುವುದು ಹತ್ತೂವರೆ, ಮಳೆಗಾಲದಲ್ಲಿ ಹನ್ನೊಂದು. ಅರುವತ್ತು ಎಪ್ಪತ್ತು ಜನ ಇರುತ್ತಾರೆ. ಡಾಕ್ಟರು ನೋಡುವುದಕ್ಕೆ ದುಡ್ಡಿಲ್ಲ, ಸ್ಟಾಕ್ ಇರುವ ಮಾತ್ರೆಗೂ ದುಡ್ಡಿಲ್ಲ. ಮೊದಲು ನಾವು ಪೇಟೆಯ ಆಸ್ಪತ್ರೆಗೆ ಹೋಗುತ್ತಿದ್ದಾಗ ಬಸ್ಸು, ಫೀಸು, ಮಾತ್ರೆ ಎಲ್ಲ ಸೇರಿ ಒಂದು ಸಲಕ್ಕೆ ಎರಡು ಸಾವಿರ ಆಗುತ್ತಿತ್ತು. ತಂಗಿಯ ಗಂಡ ತೋಟದಲ್ಲಿ ಕೆಲಸ ಮಾಡುವವನು. ಎರಡು ಸಾವಿರ ಇಲ್ಲದ ತಿಂಗಳು ಮಾತ್ರೆಯೂ ಇರುತ್ತಿರಲಿಲ್ಲ.

ಈಗ ಆ ಪ್ರಶ್ನೆಗೆ ಬರುತ್ತೇನೆ.

ಮೊದಲ ದಿನ ಡಾಕ್ಟರಮ್ಮ ಹಳೇ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡರು. ನಿದ್ದೆ ಕೇಳಿದರು, ಊಟ ಕೇಳಿದರು, ದನಿಗಳು ಕೇಳಿಸುತ್ತವಾ ಅಂದರು. ಇವೆಲ್ಲ ನಮಗೆ ಹೊಸದಲ್ಲ. ಆಮೇಲೆ ತಂಗಿಯ ಮುಖ ನೋಡಿ, ‘ಮುಟ್ಟು ಯಾವಾಗ ಆಯ್ತಮ್ಮ?’ ಅಂದರು. ತಂಗಿ ನನ್ನ ಕಡೆ ನೋಡಿದಳು. ‘ಹುಷಾರು ತಪ್ಪೋದು ಮುಟ್ಟಿಗೆ ಮುಂಚೆಯಾ, ಆದಮೇಲಾ?’ ಅಂತ ಮತ್ತೆ ಕೇಳಿದರು. ಇಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಎಂಟು ವರ್ಷ, ನಾಲ್ಕು ಆಸ್ಪತ್ರೆ. ಒಬ್ಬರೂ ಇದನ್ನು ಕೇಳಿರಲಿಲ್ಲ. ಹೇಳಬೇಕು ಅಂತ ನಮಗೂ ಹೊಳೆದಿರಲಿಲ್ಲ. ಮುಟ್ಟಿನ ಮಾತನ್ನು ತಲೆ ಡಾಕ್ಟರ ಹತ್ತಿರ ಯಾರಾದರೂ ಆಡುತ್ತಾರಾ ಅನ್ನುವ ಭಾವನೆ.

ತಂಗಿಗೆ ಕಾಯಿಲೆ ಶುರುವಾಗಿದ್ದು ಬಾಣಂತನದಲ್ಲಿ. 2015, ನಮ್ಮ ತವರು ಮನೆ. ಹೆಣ್ಣುಮಗು, ಹೆರಿಗೆ ಸುಸೂತ್ರ. ಮೂರನೇ ರಾತ್ರಿಯಿಂದ ಅವಳು ಮಲಗಲಿಲ್ಲ. ಮಗು ಮಲಗಿದರೂ ಇವಳು ಎದ್ದು ಕೂತಿರುತ್ತಿದ್ದಳು. ಐದನೇ ದಿನ ಎಣ್ಣೆ ಹಚ್ಚಿ ನೀರು ಹುಯ್ಯುವಾಗ, ಹಂಡೆಯ ನೀರಿನಲ್ಲಿ ಏನೋ ಬೆರೆಸಿದ್ದೀರಿ ಅಂದಳು. ಏಳನೇ ದಿನ ಮಗುವಿನ ಪಾದ ಹಿಡಿದು ನೋಡಿ, ‘ಅಕ್ಕ, ಇದು ನನ್ನದಲ್ಲ, ಬದಲಾಯಿಸಿದಾರೆ’ ಅಂದಳು. ದನಿಯಲ್ಲಿ ಅಳು ಇರಲಿಲ್ಲ. ಅಕ್ಕಿ ಬೇರೆ ಬಂದಿದೆ ಅಂತ ಹೇಳುವ ಹಾಗೆ ಹೇಳಿದಳು. ಅವ್ವ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಅಕ್ಕಪಕ್ಕದವರು ಬಾಣಂತಿ ಸನ್ನಿ ಅಂದರು, ಕೆಲವರು ಗಾಳಿ ಅಂದರು. ಒಂದು ಕಡೆ ತಾಯತ ಕಟ್ಟಿಸಿಕೊಂಡು ಬಂದೆವು. ಹೀಗೇ ಒಂಬತ್ತು ದಿನ ಕಳೆದವು.

ಆ ಒಂಬತ್ತು ದಿನದ ಬಗ್ಗೆ ಈಗ ಗೊತ್ತಿರುವುದು ಆಗ ಗೊತ್ತಿರಲಿಲ್ಲ. ಬಾಣಂತಿ ಸನ್ನಿ ಅನ್ನುವ ನಮ್ಮ ಹಳೇ ಮಾತಿಗೆ ಡಾಕ್ಟರ ಹತ್ತಿರ ನಿಜವಾದ ಕಾಯಿಲೆಯೇ ಇದೆ. ಸಾವಿರ ಹೆರಿಗೆಗೆ ಒಂದೋ ಎರಡೋ. ಸಾಮಾನ್ಯವಾಗಿ ಮೊದಲ ಎರಡು ವಾರದೊಳಗೆ ಶುರುವಾಗುತ್ತದೆ, ತುಂಬ ಬೇಗ ಏರುತ್ತದೆ. ನಿದ್ದೆ ಇಲ್ಲದಿರುವುದು, ಗೊಂದಲ, ವಿಪರೀತ ಅನುಮಾನ, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ. ಇದು ತುರ್ತು. ಹಾವು ಕಚ್ಚಿದರೆ ಹೇಗೆ ಓಡುತ್ತೇವೋ ಹಾಗೆ ಅವತ್ತೇ ಆಸ್ಪತ್ರೆಗೆ ಓಡಬೇಕು. ತಾಯಿಯನ್ನೂ ಮಗುವನ್ನೂ ಇಬ್ಬರನ್ನೇ ಬಿಡಬಾರದು. ಹೆರಿಗೆಯಾದ ಮೇಲೆ ಬರುವ ಸುಮ್ನೆ ಅಳು, ಬೇಸರ ಬೇರೆ. ಅದು ತುಂಬ ಜನಕ್ಕೆ ಬಂದು ಕೆಲವೇ ದಿನದಲ್ಲಿ ಹೋಗುತ್ತದೆ. ಮೊದಲೇ ಬೈಪೋಲಾರ್ ಕಾಯಿಲೆ (ಮನಸ್ಸು ವಿಪರೀತ ಏರುವುದು, ಇಳಿಯುವುದು) ಇದ್ದವರಿಗೆ ಅಥವಾ ಹಿಂದಿನ ಹೆರಿಗೆಯಲ್ಲಿ ಹೀಗಾದವರಿಗೆ ಸನ್ನಿಯ ಅಪಾಯ ಬಹಳ ಜಾಸ್ತಿ. ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಪೂರ್ತಿ ಹುಷಾರಾಗುತ್ತಾರೆ.

ಕೊನೆಗೆ ಪೇಟೆಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಮಗುವನ್ನು ಒಳಗೆ ಬಿಡಲಿಲ್ಲ. ಇಪ್ಪತ್ತಾರು ದಿನ ಮಗು ನನ್ನ ಹತ್ತಿರ ಇತ್ತು. ತಂಗಿಗೆ ಸ್ವಲ್ಪ ತಿಳಿವಳಿಕೆ ಬಂದ ಮೇಲೆ ಎದೆ ಕಟ್ಟಿಕೊಂಡು ನೋವಿನಲ್ಲಿ ಮಗು ಕೇಳುತ್ತಿದ್ದಳು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ತಾಯಿ ಮಗು ಒಟ್ಟಿಗೆ ಇರುವ ವಾರ್ಡು 2009ರಿಂದಲೇ ಇತ್ತು. ದೇಶದಲ್ಲೇ ಮೊದಲನೆಯದು. ನಮಗೆ ಯಾರೂ ಹೇಳಲಿಲ್ಲ. ಈಗ ಕಾನೂನೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆಗೆ ಸೇರಿದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವ ಹಾಗಿಲ್ಲ. ತಾಯಿಯಿಂದ ಮಗುವಿಗೆ ಅಪಾಯ ಇದ್ದರೆ ಮಾತ್ರ ಸ್ವಲ್ಪ ಕಾಲ ದೂರ ಇಡಬಹುದು. ನಿಮ್ಮ ಮನೆಯಲ್ಲಿ ಈ ಪರಿಸ್ಥಿತಿ ಬಂದರೆ ಇದನ್ನು ಕೇಳಿ. ಬಾಯಿ ಬಿಟ್ಟು ಕೇಳಿ.

ಅದಾದ ಮೇಲೆ ಇನ್ನೊಂದು ತಪ್ಪು ನಡೆಯಿತು. ಅದರಲ್ಲಿ ನನ್ನ ಕೈಯೂ ಇದೆ. 2017ರಲ್ಲಿ, ಮಗು ಎದೆಹಾಲು ಬಿಟ್ಟು ಎಷ್ಟೋ ತಿಂಗಳಾಗಿತ್ತು. ತಂಗಿ ಅಂಗಡಿಗೆ ಬಂದು, ‘ಅಕ್ಕ, ಬ್ಲೌಸಿಗೆ ಮುಂದೆ ಇನ್ನೊಂದು ಪದರ ಲೈನಿಂಗ್ ಕೊಡು’ ಅಂದಳು. ಮೂರು ಬ್ಲೌಸು ಬಿಚ್ಚಿ ಕಾಟನ್ ಪದರ ಹಾಕಿ ಹೊಲಿದು ಕೊಟ್ಟೆ. ಯಾಕೆ ಅಂತ ಕೇಳಲಿಲ್ಲ. ಹಳೇ ಲೈನಿಂಗಿನಲ್ಲಿ ಹಾಲು ಒಸರಿ ಒಣಗಿದ ಕಲೆ ಇತ್ತು. ನನ್ನ ಬೆರಳಿಗೇ ತಾಗಿತ್ತು ಆ ಗಟ್ಟಿ. ಆದರೂ ಕೇಳಲಿಲ್ಲ. ಮುಟ್ಟು ನಿಂತು ಏಳು ತಿಂಗಳಾಗಿತ್ತಂತೆ. ಅತ್ತೆ ಮನೆಯಲ್ಲಿ ಬಸುರಿ ಅಂದುಕೊಂಡರು. ಹೊಟ್ಟೆಯಲ್ಲಿ ಮಗು ಇದ್ದರೆ ಈ ಮಾತ್ರೆ ಯಾಕೆ ಅಂತ ಮಾತ್ರೆ ನಿಲ್ಲಿಸಿದರು. ಬಸುರಿ ಆಗಿರಲಿಲ್ಲ. ಐದು ವಾರದಲ್ಲಿ ಕಾಯಿಲೆ ಮತ್ತೆ ಬಂತು, ಮೊದಲಿಗಿಂತ ಜೋರಾಗಿ.

ಅವಳು ಆಗ ತೆಗೆದುಕೊಳ್ಳುತ್ತಿದ್ದದ್ದು ರಿಸ್ಪೆರಿಡೋನ್, ದನಿ ಕೇಳಿಸುವುದು, ಅನುಮಾನ ಇವನ್ನು ಇಳಿಸುವ ಮಾತ್ರೆ. ಮಂಗಳವಾರದ ಡಾಕ್ಟರಮ್ಮ ಆ ಹಳೇ ಚೀಟಿ ನೋಡಿದ ಕೂಡಲೇ, ‘ಆಗ ಮುಟ್ಟು ನಿಂತಿತ್ತಾ? ಹಾಲು ಬಂದಿತ್ತಾ?’ ಅಂತ ಕೇಳಿದರು. ತಂಗಿ ಅವರನ್ನೇ ನೋಡುತ್ತಾ ಕೂತಳು, ಯಾರೋ ಮನೆಯೊಳಗೆ ಬಂದು ನೋಡಿ ಹೋಗಿದ್ದಾರೆ ಅನ್ನುವ ಹಾಗೆ. ಮೆದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಪ್ರೊಲ್ಯಾಕ್ಟಿನ್ ಎಂಬ ಹಾಲಿನ ಹಾರ್ಮೋನನ್ನು ಹಿಡಿದಿಟ್ಟಿರುತ್ತದೆ. ಈ ಮಾತ್ರೆಗಳು ಡೋಪಮೈನ್ ಕೆಲಸ ತಡೆಯುತ್ತವೆ. ಆಗ ಕೆಲವರಿಗೆ ಪ್ರೊಲ್ಯಾಕ್ಟಿನ್ ಏರುತ್ತದೆ, ಮುಟ್ಟು ನಿಲ್ಲುತ್ತದೆ, ಹಾಲು ಒಸರುತ್ತದೆ. ರಿಸ್ಪೆರಿಡೋನ್, ಅಮಿಸಲ್ಪ್ರೈಡ್‌ನಲ್ಲಿ ಇದು ಜಾಸ್ತಿ. ಅರಿಪಿಪ್ರಜೋಲ್, ಕ್ವೆಟಿಯಾಪಿನ್‌ನಲ್ಲಿ ಕಡಿಮೆ. ಒಂದು ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಮಾತ್ರೆ ಬದಲಾಯಿಸುವ ದಾರಿ ಇದೆ. ತುಂಬ ಕಾಲ ಹೀಗೇ ಬಿಟ್ಟರೆ ಮೂಳೆ ಸವೆಯುತ್ತದೆ. ಇನ್ನೊಂದು ಮಾತು ಅವರು ಒತ್ತಿ ಹೇಳಿದರು: ಮುಟ್ಟು ನಿಂತಿದೆ ಅಂದಮಾತ್ರಕ್ಕೆ ಬಸುರಾಗುವುದಿಲ್ಲ ಅಂತ ನಂಬಬಾರದು. ಮಾತ್ರೆ ಬದಲಾದಾಗಂತೂ ಗೊತ್ತೇ ಆಗದೆ ಬಸುರಾಗುವವರಿದ್ದಾರೆ.

ಇಷ್ಟನ್ನು ಹೇಳಲು ಅವರಿಗೆ ನಾಲ್ಕು ನಿಮಿಷ ಸಾಕಾಯಿತು. ನಮಗೆ ಈ ನಾಲ್ಕು ನಿಮಿಷ 2017ರಲ್ಲಿ ಬೇಕಿತ್ತು.

ಆಮೇಲೆ ಅವರು ಮಾತ್ರೆ ಬರೆಯುವ ಮೊದಲೇ ಒಂದು ಕೆಲಸ ಕೊಟ್ಟರು. ಮೂರು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮುಟ್ಟಿನ ದಿನಕ್ಕೊಂದು, ಹುಷಾರಿಲ್ಲದ ದಿನಕ್ಕೊಂದು. ಅಳತೆ ಬರೆಯಲು ನಾನು ಇಟ್ಟುಕೊಂಡಿದ್ದ ಕೆಂಪು ನೀಲಿ ಪೆನ್ಸಿಲನ್ನು ತಂಗಿಗೆ ಕೊಟ್ಟೆ. ಕೆಂಪು ಮುಟ್ಟಿಗೆ, ನೀಲಿ ಕಾಯಿಲೆಗೆ. ಅವಳ ಗಂಡನ ಮನೆಯ ಗೋಡೆ ಕ್ಯಾಲೆಂಡರ್ ನೋಡಿದ್ದೇನೆ. ಡೇರಿಗೆ ಹಾಕಿದ ಹಾಲಿನ ಲೆಕ್ಕ ಇರುತ್ತದೆ, ಗ್ಯಾಸ್ ಬಂದ ದಿನ ಇರುತ್ತದೆ, ಹಸು ಬೆದೆಗೆ ಬಂದ ದಿನ ದುಂಡಗೆ ಸುತ್ತು ಹಾಕಿರುತ್ತಾರೆ, ಇಂಜೆಕ್ಷನ್ ಕೊಡಿಸಿದ ದಿನವೂ ಇರುತ್ತದೆ. ಹಸುವಿಗೆ ಅದೇನು ತಪ್ಪಿಲ್ಲ, ದಿನ ತಪ್ಪಿದರೆ ನಷ್ಟ ಅಂತ ಎಲ್ಲರಿಗೂ ಗೊತ್ತು. ಅದೇ ಗೋಡೆಯ ಮೇಲೆ ಸೊಸೆಯ ಕೆಂಪು ಚುಕ್ಕೆ ಬಂದಾಗ ಅತ್ತೆ ಮೊದಲು ಒಪ್ಪಲಿಲ್ಲ. ಗಂಡಸರು ಓಡಾಡೋ ಜಾಗ ಅಂದರು. ಆಗ ತಂಗಿಯ ಗಂಡನೇ, ‘ಡಾಕ್ಟ್ರು ಹೇಳಿದಾರೆ, ಇರಲಿ ಬಿಡವ್ವ’ ಅಂದನಂತೆ. ಅವನ ಬಗ್ಗೆ ನನಗೆ ಅವತ್ತಿನಿಂದ ಗೌರವ ಜಾಸ್ತಿ ಆಗಿದೆ.

ಮೂರು ಹಾಳೆ ಕಿತ್ತುಕೊಂಡು ಹೋದೆವು. ಡಾಕ್ಟರಮ್ಮ ಬೇರೆಯವರನ್ನು ಐದು ನಿಮಿಷ ಕಾಯಿಸಿ ಅದನ್ನು ನೋಡಿದರು. ನನಗೆ ಕಾಣದ್ದು ಅವರಿಗೆ ಕಂಡಿತು.

ಒಂದನೆಯದು, ನೀಲಿ ಚುಕ್ಕೆಗಳು ಎಲ್ಲೆಂದರಲ್ಲಿ ಇರಲಿಲ್ಲ. ಹೆಚ್ಚಿನವು ಕೆಂಪಿಗೆ ಎರಡು ಮೂರು ದಿನ ಮುಂಚೆ ಶುರುವಾಗುತ್ತಿದ್ದವು. ಮೊದಲು ನಿದ್ದೆ ಹೋಗುವುದು, ಆಮೇಲೆ ಅನುಮಾನ, ಆಮೇಲೆ ಹಿತ್ತಲಲ್ಲಿ ಯಾರೋ ಮಾತಾಡುತ್ತಿದ್ದಾರೆ ಅನ್ನುವುದು.

ಎರಡನೆಯದು ನನ್ನನ್ನು ಬಹಳ ಕಾಡಿದ್ದು. ನಾವು ಹೋಗುತ್ತಿದ್ದದ್ದು ನಾಲ್ಕು ವಾರಕ್ಕೊಮ್ಮೆ. ತಂಗಿಯ ಮುಟ್ಟೂ ಹೆಚ್ಚುಕಮ್ಮಿ ನಾಲ್ಕು ವಾರಕ್ಕೆ. ಹಾಗಾಗಿ ಪ್ರತಿ ಸಲವೂ ಅವಳು ಡಾಕ್ಟರ ಮುಂದೆ ಕೂರುತ್ತಿದ್ದದ್ದು ಮುಟ್ಟು ಮುಗಿದು ಒಂದು ವಾರಕ್ಕೆ, ಅವಳ ಅತಿ ಒಳ್ಳೆಯ ದಿನಗಳಲ್ಲಿ. ಹಿಂದಿನ ಆಸ್ಪತ್ರೆಯಲ್ಲೂ ಹೀಗೇ ಆಗಿರಬೇಕು. ‘ಚೆನ್ನಾಗೇ ಇದಾರಲ್ಲ’ ಅಂತ ಅದೇ ಮಾತ್ರೆ ಬರೆದು ಕಳಿಸುತ್ತಿದ್ದರು. ಮನೆಗೆ ಬಂದು ಎರಡು ವಾರಕ್ಕೆ ಮತ್ತೆ ಶುರು. ನಾವು ಸುಳ್ಳು ಹೇಳುತ್ತಿದ್ದೇವೆ ಅಂತ ಒಬ್ಬರು ಅಂದಿದ್ದೂ ಇದೆ. ಈ ಡಾಕ್ಟರಮ್ಮ ದಿನ ಲೆಕ್ಕ ಹಾಕಿ, ‘ಒಂದು ಸಲ ಪಕ್ಕದ ತಾಲ್ಲೂಕಿನ ಮಂಗಳವಾರಕ್ಕೆ ಬನ್ನಿ, ಆ ದಿನಗಳಲ್ಲಿ ನಾನು ಇವರನ್ನ ನೋಡಬೇಕು’ ಅಂದರು. ಹೋದೆವು. ನೋಡಿದರು.

ಮೂರನೆಯದು ಮಾತ್ರೆ ಡಬ್ಬಿ. ಮೂರು ತಿಂಗಳಲ್ಲಿ ಎರಡು ತಿಂಗಳು ತಂಗಿ ಗಂಡನ ಮನೆಯಲ್ಲಿದ್ದಳು, ಮೂರನೇ ತಿಂಗಳು ಮಗಳ ಬೇಸಿಗೆ ರಜೆ ಅಂತ ನನ್ನ ಹತ್ತಿರ. ನನ್ನ ಮನೆಯಲ್ಲಿದ್ದ ತಿಂಗಳು ನೀಲಿ ಮೂರೇ ಚುಕ್ಕೆ. ಅಲ್ಲಿ ಎಂಟು, ಒಂಬತ್ತು. ‘ಮುಟ್ಟಾದಾಗ ಮನೆಯಲ್ಲಿ ಎಲ್ಲಿ ಮಲಗ್ತೀಯಮ್ಮ?’ ಅಂದರು ಡಾಕ್ಟರಮ್ಮ. ‘ಜಗಲಿ ಮೇಲೆ.’ ‘ಮಾತ್ರೆ ಡಬ್ಬಿ ಎಲ್ಲಿರುತ್ತೆ?’ ತಂಗಿ ತಲೆ ತಗ್ಗಿಸಿದಳು. ಡಬ್ಬಿ ಇರುವುದು ನಡುಮನೆಯ ಬೀರುವಿನಲ್ಲಿ, ದೇವರ ಗೂಡಿನ ಪಕ್ಕ. ಮೂರು ದಿನ ಅವಳು ಒಳಗೆ ಹೋಗುವ ಹಾಗಿಲ್ಲ. ಗಂಡ ಬೆಳಿಗ್ಗೆ ಆರಕ್ಕೆ ತೋಟಕ್ಕೆ ಹೋಗುತ್ತಾನೆ. ಮಾವನನ್ನು ಕೇಳಲು ಸಂಕೋಚ. ತಿಂಗಳಿಗೆ ಮೂರು ದಿನ ಮಾತ್ರೆ ಇಲ್ಲ, ಜಗಲಿಯ ಚಳಿಯಲ್ಲಿ ನಿದ್ದೆಯೂ ಇಲ್ಲ. ಮೊದಲೇ ಕಾಯಿಲೆ ತಲೆ ಎತ್ತುವ ದಿನಗಳು ಅವು. ಎಷ್ಟು ವರ್ಷದಿಂದ ಹೀಗೆ ಅಂತ ಕೇಳಿದರೆ, ‘ಮೊದಲಿಂದಲೂ’ ಅಂದಳು.

ಡಾಕ್ಟರಮ್ಮ ಯಾರನ್ನೂ ಬೈಯಲಿಲ್ಲ. ಮುಂದಿನ ಸಲ ಅತ್ತೆಯನ್ನೂ ಕರೆದುಕೊಂಡು ಬನ್ನಿ ಅಂದರು. ಅತ್ತೆ ಬಂದರು. ‘ನಿಮ್ಮ ಪದ್ಧತಿ ನಿಮ್ಮದು, ಆದ್ರೆ ಮಾತ್ರೆ ಒಂದು ದಿನವೂ ತಪ್ಪಬಾರದು. ಅವಳು ಒಳಗೆ ಮಲಗಿದ್ರೆ ಇನ್ನೂ ಒಳ್ಳೇದು, ನಿದ್ದೆಯೇ ಅವಳಿಗೆ ಅರ್ಧ ಔಷಧಿ’ ಅಂದರು. ಈಗ ಡಬ್ಬಿ ಅಡುಗೆ ಮನೆಯ ಕಿಟಕಿಯಲ್ಲಿ, ಹೊರಗಿನಿಂದ ಕೈಗೆ ಸಿಗುವ ಹಾಗೆ ಇದೆ. ಕಳೆದ ಮಳೆಗಾಲದಿಂದ ಅವಳು ಒಳಗೇ ಮಲಗುತ್ತಿದ್ದಾಳೆ.

ಹಾರ್ಮೋನಿನ ವಿಷಯ ನಾನು ಅರ್ಥ ಮಾಡಿಕೊಂಡಷ್ಟು ಹೇಳುತ್ತೇನೆ. ಹೆಂಗಸರ ಮೈಯಲ್ಲಿ ಈಸ್ಟ್ರೊಜೆನ್ ತಿಂಗಳಿಡೀ ಏರಿ ಇಳಿಯುತ್ತದೆ, ಮುಟ್ಟಿನ ಮುಂಚೆ ಕೆಳಗೆ ಬರುತ್ತದೆ. ಹೆರಿಗೆಯಾದ ಮೇಲೆ ಒಮ್ಮೆಗೇ ಧೊಪ್ಪನೆ ಬೀಳುತ್ತದೆ. ನಲವತ್ತೈದು ಐವತ್ತರಲ್ಲಿ ಮುಟ್ಟು ನಿಲ್ಲುವಾಗ ಮತ್ತೆ ಇಳಿಯುತ್ತದೆ. ಈಸ್ಟ್ರೊಜೆನ್ನಿಗೆ ಮೆದುಳಿನ ಡೋಪಮೈನ್ ಜೊತೆ ಸಂಬಂಧ ಇದೆ, ಅದು ಒಂದು ಮಟ್ಟಿಗೆ ಕಾಪಾಡುತ್ತದೆ ಅನ್ನುವುದು ವಿಜ್ಞಾನಿಗಳ ವಾದ. ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ವಿಪರೀತ ಅನುಮಾನ ಬರುವ ಕಾಯಿಲೆ) ಗಂಡಸರಿಗೆ ಹೆಚ್ಚಾಗಿ ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ. ಹೆಂಗಸರಿಗೆ ಕೆಲವು ವರ್ಷ ತಡವಾಗಿ, ಮತ್ತೆ ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಎರಡನೇ ಸಲ ಸ್ವಲ್ಪ ಏರಿಕೆ ಕಾಣುತ್ತದೆ. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಮುಟ್ಟಿನ ಆಸುಪಾಸಿನ ದಿನಗಳಲ್ಲಿ ಹೆಂಗಸರು ಮನೋರೋಗದ ವಾರ್ಡಿಗೆ ಸೇರುವುದು ಅಂದಾಜಿಗಿಂತ ಸುಮಾರು ಒಂದೂವರೆ ಪಟ್ಟು ಇತ್ತು.

ಹಾಗಂತ ಎಲ್ಲವನ್ನೂ ಮುಟ್ಟಿನ ತಲೆಗೆ ಕಟ್ಟಬೇಡಿ ಅಂತಲೂ ಡಾಕ್ಟರಮ್ಮ ಹೇಳಿದರು. ಮುಟ್ಟಿನಿಂದ ಹುಚ್ಚು ಬರುವುದಿಲ್ಲ. ಕೋಟ್ಯಂತರ ಹೆಂಗಸರಿಗೆ ಆ ದಿನಗಳಲ್ಲಿ ಸಿಡುಕು, ಅಳು ಬರುತ್ತದೆ, ಅದಕ್ಕೂ ಈ ಕಾಯಿಲೆಗೂ ಸಂಬಂಧವಿಲ್ಲ. ಮುಟ್ಟಿನ ಜೊತೆಗೇ ಬಂದು, ನಡುವೆ ಪೂರ್ತಿ ಹೋಗಿಬಿಡುವ ಒಂದು ಅಪರೂಪದ ಕಾಯಿಲೆ ಇದೆಯಂತೆ, ತಂಗಿಯದು ಅದಲ್ಲ. ಅವಳಿಗೆ ಇರುವ ಕಾಯಿಲೆಯೇ ಆ ದಿನಗಳಲ್ಲಿ ಜಾಸ್ತಿ ಆಗುತ್ತದೆ, ಅಷ್ಟೇ. ನಮ್ಮ ಹಾಳೆಯಲ್ಲೇ ಒಂದು ಕಡೆ ಐದು ನೀಲಿ ಚುಕ್ಕೆ ಮುಟ್ಟಿಗೆ ದೂರವೇ ಇದ್ದವು. ಅದು ನಾದಿನಿ ಮದುವೆ ವಾರ, ರಾತ್ರಿಯೆಲ್ಲ ಕೆಲಸ. ಥೈರಾಯ್ಡ್, ರಕ್ತದ ಪರೀಕ್ಷೆಯನ್ನೂ ಮಾಡಿಸಿದರು. ರಕ್ತ ಕಡಿಮೆ ಇತ್ತು, ಅದಕ್ಕೆ ಬೇರೆ ಮಾತ್ರೆ ಕೊಟ್ಟರು.

ಈಸ್ಟ್ರೊಜೆನ್ ಕೊಟ್ಟರೆ ಗುಣ ಆಗಬಹುದಲ್ವಾ ಅಂತ ನಾನೇ ಕೇಳಿದೆ. ಮೆಲ್ಬರ್ನಿನ ಜಯಶ್ರೀ ಕುಲಕರ್ಣಿ ಎಂಬ ಮನೋವೈದ್ಯೆ ಇದನ್ನು ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. 2008ರಲ್ಲಿ ಬಂದ ಅವರ ತಂಡದ ಅಧ್ಯಯನದಲ್ಲಿ 102 ಹೆಂಗಸರಿದ್ದರು. ಮಾಮೂಲಿ ಮಾತ್ರೆಯ ಜೊತೆ ಚರ್ಮಕ್ಕೆ ಈಸ್ಟ್ರೊಜೆನ್ ಪಟ್ಟಿ ಅಂಟಿಸಿಕೊಂಡವರಲ್ಲಿ ಲಕ್ಷಣಗಳು ಇನ್ನಷ್ಟು ಇಳಿದವು. ಆದರೆ ಈಸ್ಟ್ರೊಜೆನ್ನಿನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ, ಬೇರೆ ಅಪಾಯಗಳೂ ಇವೆ, ಎಲ್ಲರಿಗೂ ಕೊಡುವ ಚಿಕಿತ್ಸೆ ಆಗಿಲ್ಲ. ‘ಅಂಗಡೀಲಿ ಕೇಳಿ ತಗೊಂಡ್ರೆ ನನ್ನ ಹತ್ರ ಬರಬೇಡಿ’ ಅಂದರು ನಮ್ಮ ಡಾಕ್ಟರಮ್ಮ, ನಗುತ್ತಲೇ.

ಅವರು ಕೇಳಿದ ಇನ್ನೊಂದು ಪ್ರಶ್ನೆಯನ್ನೂ ಬರೆಯಲೇಬೇಕು. ‘ಇನ್ನೊಂದು ಮಗು ಬೇಕು ಅಂತ ಇದೆಯಾ?’ ಹಳೇ ಆಸ್ಪತ್ರೆಯವರು ತಂಗಿಗೆ ಮನಸ್ಸಿನ ಏರಿಳಿತ ಹಿಡಿದಿಡುವ ವಾಲ್ಪ್ರೋಯೇಟ್ ಎಂಬ ಮಾತ್ರೆ ಕೊಡುತ್ತಿದ್ದರು. ಬಸುರಿನಲ್ಲಿ ಆ ಮಾತ್ರೆ ಇದ್ದರೆ ನೂರಕ್ಕೆ ಸುಮಾರು ಹತ್ತು ಮಕ್ಕಳಿಗೆ ಹುಟ್ಟಿನಿಂದಲೇ ಅಂಗದ ತೊಂದರೆ, ಮೂವತ್ತರಿಂದ ನಲವತ್ತು ಮಕ್ಕಳಿಗೆ ಬುದ್ಧಿ ಬೆಳವಣಿಗೆಯ ತೊಂದರೆ ಆಗಬಹುದು. ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಬೇರೆ ದಾರಿ ಇದ್ದಾಗ ಅದನ್ನು ಕೊಡಬಾರದು. ಇದನ್ನೂ ನಮಗೆ ಯಾರೂ ಹೇಳಿರಲಿಲ್ಲ. ಡಾಕ್ಟರಮ್ಮ ಎರಡು ತಿಂಗಳು ತೆಗೆದುಕೊಂಡು ನಿಧಾನವಾಗಿ ಬಿಡಿಸಿ ಬೇರೆ ಮಾತ್ರೆ ಹಾಕಿದರು. ನೀವಾಗಿ ನೀವೇ ನಿಲ್ಲಿಸಬೇಡಿ, ನಿಲ್ಲಿಸಿದರೆ ಏನಾಗುತ್ತದೆ ಅಂತ ನಮ್ಮ 2017 ನೋಡಿ. ಮಗು ಬೇಕು ಅಂದರೆ ಮೊದಲೇ ಬಂದು ಹೇಳಿ, ಹೆರಿಗೆ ಡಾಕ್ಟರ ಜೊತೆ ಸೇರಿ ಪ್ಲಾನ್ ಮಾಡೋಣ, ಹೆರಿಗೆಯಾದ ಮೊದಲ ರಾತ್ರಿಯಿಂದ ನಿದ್ದೆ ನೋಡಿಕೊಳ್ಳೋಣ ಅಂದರು. ಮಗು ಮಾಡಿಕೊಳ್ಳಲೇಬೇಡಿ ಅಂತ ಅನ್ನಲಿಲ್ಲ. ತಂಗಿ ಅವತ್ತು ಬಸ್ಸಿನವರೆಗೂ ನನ್ನ ಕೈ ಹಿಡಿದುಕೊಂಡೇ ಬಂದಳು.

ಬೆಂಚಿನ ಮೇಲೂ ಕಲಿಯುವುದು ಇರುತ್ತದೆ. ಐವತ್ತರ ಹತ್ತಿರದ ಒಬ್ಬ ಅಮ್ಮ ಬರುತ್ತಾರೆ. ಮುಟ್ಟು ನಿಲ್ಲುವ ಹೊತ್ತಿಗೆ ಮೊದಲ ಸಲ ಕಾಯಿಲೆ ಬಂದದ್ದು. ಅವರ ಮಗ, ವಯಸ್ಸಾಯ್ತು ಅದಕ್ಕೇ ಹೀಗೆ ಅಂತ ಒಂದು ವರ್ಷ ಸುಮ್ಮನಿದ್ದನಂತೆ. ಇನ್ನೊಬ್ಬರು ತೋಟದ ಲೈನ್ ಮನೆಯಿಂದ ಬರುವವರು, ಇದೇ ಥರದ ಕಾಯಿಲೆಗೆ ಕ್ಲೋಜಪಿನ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಾರೆ. ದಿನಕ್ಕೆ ಏಳೆಂಟು ಲೋಟ ಕಾಫಿ ಕುಡಿಯುತ್ತಿದ್ದರು. ಕಾಫಿ ಜಾಸ್ತಿ ಆದರೆ ಆ ಮಾತ್ರೆಯ ಮಟ್ಟ ರಕ್ತದಲ್ಲಿ ಏರುತ್ತದೆ, ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆಯಿಂದಲೂ ಏರಬಹುದು. ಕಾಫಿ ಬೆಳೆಯುವ ನಮ್ಮ ಕಡೆ ಇದನ್ನು ಪ್ರತಿಯೊಬ್ಬರಿಗೂ ಹೇಳಬೇಕು.

ಈಗ ದೂರುಗಳು. ಚಿಕ್ಕವಲ್ಲ. ಕೋಣೆಗೆ ಬಾಗಿಲಿದೆ, ಆದರೆ ಜನ ಜಾಸ್ತಿ ಅಂತ ತೆರೆದೇ ಇರುತ್ತದೆ. ಪರದೆ ಇಲ್ಲ. ಒಬ್ಬರನ್ನು ನೋಡುವಾಗ ಇನ್ನಿಬ್ಬರು ಒಳಗೆ ನಿಂತಿರುತ್ತಾರೆ, ಅವರಲ್ಲಿ ಗಂಡಸರೂ ಇರುತ್ತಾರೆ. ಮುಟ್ಟಿನ ದಿನ, ಹಾಲು ಒಸರಿದ್ದು, ಗಂಡ ಹೆಂಡಿರ ವಿಷಯ ಇವನ್ನೆಲ್ಲ ಅಪರಿಚಿತ ಗಂಡಸರ ಮುಂದೆ ಹೇಗೆ ಹೇಳುವುದು? ತಂಗಿ ಮೊದಲ ಎರಡು ಸಲ ಎಷ್ಟೋ ಮಾತು ನುಂಗಿಕೊಂಡಳು. ಹೆಂಗಸರ ಶೌಚಾಲಯದ ಚಿಲಕ ಮುರಿದು ಒಂದು ವರ್ಷ ಆಯಿತು, ನಲ್ಲಿಯಲ್ಲಿ ನೀರು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಪ್ಯಾಡ್ ಬದಲಾಯಿಸಬೇಕಾದರೆ ನನ್ನ ಅಂಗಡಿಗೇ ಬರಬೇಕು. ಮಾತ್ರೆ ಮೂರು ಸಲ ಸ್ಟಾಕ್ ಇರಲಿಲ್ಲ, ಹೊರಗೆ ಕೊಂಡೆವು. ಪ್ರೊಲ್ಯಾಕ್ಟಿನ್ ಪರೀಕ್ಷೆ ಅಲ್ಲಿ ಆಗುವುದಿಲ್ಲ, ಹೊರಗೆ ದುಡ್ಡು ಕೊಟ್ಟು ಮಾಡಿಸಬೇಕು. ಡಾಕ್ಟರಮ್ಮ ರಜೆಯಲ್ಲಿದ್ದಾಗ ಬಂದ ಬೇರೆ ಡಾಕ್ಟರು ಕ್ಯಾಲೆಂಡರ್ ಹಾಳೆ ತೆರೆಯಲೇ ಇಲ್ಲ, ‘ಇದೆಲ್ಲ ಬೇಡ’ ಅಂತ ಪಕ್ಕಕ್ಕೆ ಸರಿಸಿದರು. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಕೇಳುವುದಿಲ್ಲ ಅಂದರೆ ಅದು ಅದೃಷ್ಟದ ಮೇಲೆ ನಿಂತ ಹಾಗಾಯಿತು. ಚೀಟಿಯಲ್ಲೇ ಬಿಪಿ, ತೂಕದ ಪಕ್ಕ ‘ಕೊನೆಯ ಮುಟ್ಟು’ ಅಂತ ಒಂದು ಗೆರೆ ಅಚ್ಚು ಹಾಕಿದರೆ ಯಾರು ಕೂತರೂ ಕೇಳುತ್ತಾರೆ. ಸಿಸ್ಟರ್ ಹತ್ತಿರ ಇದನ್ನು ಬರೆದು ಕೊಟ್ಟಿದ್ದೇನೆ.

ಮಂಗಳವಾರ ಅಲ್ಲದ ದಿನಗಳಿಗೆ 14416 ಇದೆ. ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ದುಡ್ಡಿಲ್ಲ, ಯಾವ ಹೊತ್ತಿಗಾದರೂ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು. ಕಳೆದ ನವೆಂಬರಿನಲ್ಲಿ ರಾತ್ರಿ ಒಂದೂವರೆಗೆ ತಂಗಿಯ ಗಂಡ ನನಗೆ ಫೋನ್ ಮಾಡಿ, ‘ಅತ್ತಿಗೆ, ಅವಳು ಬಾಗಿಲು ತೆಗಿಯೋಕೆ ಬಿಡ್ತಿಲ್ಲ’ ಅಂದ. ಈ ನಂಬರ್ ಮಾಡಲು ಹೇಳಿದೆ. ಅತ್ತ ಕಡೆಯವರು ಅವನ ಜೊತೆ ಅರ್ಧ ಗಂಟೆ ಇದ್ದರು. ಕೂಗಾಡಬೇಡಿ, ವಾದ ಮಾಡಬೇಡಿ, ಬೆಳಕು ಕಡಿಮೆ ಮಾಡಿ, ರಾತ್ರಿಯ ಮಾತ್ರೆ ತೆಗೆದುಕೊಂಡಿದ್ದಾರಾ ನೋಡಿ, ಯಾರಿಗಾದರೂ ಅಪಾಯ ಅನಿಸಿದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂತ ಒಂದೊಂದಾಗಿ ಹೇಳಿದರು. ಬೆಳಗಿನ ಜಾವ ಅವಳು ಮಲಗಿದಳು.

ನೀವು ಹೋಗುವುದಾದರೆ, ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿ. ಒಂಬತ್ತಕ್ಕೆ ಮುಂಚೆ ಸಾಲಿನಲ್ಲಿರಿ. ಹಳೇ ಚೀಟಿ, ಈಗಿನ ಮಾತ್ರೆಯ ಪಟ್ಟಿ, ಮುಟ್ಟಿನ ದಿನ ಬರೆದ ಕ್ಯಾಲೆಂಡರ್ ಹಾಳೆ ತೆಗೆದುಕೊಂಡು ಹೋಗಿ. ನೀರಿನ ಬಾಟಲಿ ಬೇಕೇ ಬೇಕು. ಡಾಕ್ಟರು ಕೇಳದಿದ್ದರೆ ನೀವೇ ಹೇಳಿ: ಇಂಥ ದಿನ ಮುಟ್ಟಾಯಿತು, ಇಂಥ ದಿನದಿಂದ ನಿದ್ದೆ ಇಲ್ಲ, ಇಷ್ಟು ತಿಂಗಳಿಂದ ಮುಟ್ಟಿಲ್ಲ. ಗಂಡಸರು ಒಳಗಿದ್ದರೆ ಹೊರಗೆ ಕಳಿಸಿ ಅಂತ ಕೇಳಿ, ನಾವು ಮೂರನೇ ಸಲದಿಂದ ಕೇಳುತ್ತಿದ್ದೇವೆ, ಕಳಿಸುತ್ತಾರೆ.

ಅಂಕ ಕೊಡುವುದಾದರೆ ಡಾಕ್ಟರಮ್ಮನಿಗೆ ಐದಕ್ಕೆ ಐದು, ಮಾತ್ರೆ ಕೊಡುವ ಕಿಟಕಿಗೆ ಮೂರು, ಕೋಣೆಗೆ ಒಂದು. ಹೋದ ಸಲ ನಾನು ಕಿಟಕಿ, ಬಾಗಿಲು ಅಳತೆ ತೆಗೆದುಕೊಂಡು ಬಂದೆ. ಬಟ್ಟೆ ನನ್ನ ಹತ್ತಿರವೇ ಇದೆ, ದಪ್ಪ ಹಸಿರು ಕೇಸ್‌ಮೆಂಟ್, ಏಳು ಮೀಟರ್. ಹೊಲಿದು ಇಟ್ಟಿದ್ದೇನೆ. ಕಂಬಿ ಹೊಡೆಸಿಕೊಡುತ್ತೇವೆ ಅಂತ ಸಿಸ್ಟರ್ ಹೇಳಿದ್ದಾರೆ. ಬರುವ ಮಂಗಳವಾರ ಕಂಬಿ ಬಂದಿದ್ದರೆ ಪರದೆ ಹಾಕಿಯೇ ಬರುತ್ತೇನೆ.